ಕಮ್ಯುನಿಟಿ ಕಾಲೇಜಲ್ಲಿ ಡೇಟಾ ಸೈನ್ಸ್ ಪದವಿ: ಬರ್ಕ್ಲಿಗೂ ಸ್ಯಾನ್ ಡಿಯೇಗೋಗೂ ಆಗೋ ಹಾಗೆ ಪಾಠಪಟ್ಟಿ ಮಾಡೋದು ಹೇಗೆ?

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಒಂದು ಕಮ್ಯುನಿಟಿ ಕಾಲೇಜಿನಲ್ಲಿ 11 ವರ್ಷದಿಂದ ಗಣಿತ ಕಲಿಸ್ತಾ ಇದೀನಿ. ಡೇಟಾ ಸೈನ್ಸ್‌ನಲ್ಲಿ ಎರಡು ವರ್ಷದ ಎ.ಎಸ್. (ಅಸೋಸಿಯೇಟ್) ಪದವಿಗೆ ಕರಡು ಬರೆಯೋ ಕೆಲಸ ಈ ಸೆಮಿಸ್ಟರ್ ನನಗೆ ಬಂದಿದೆ. ಮುಂದಿನ ತಿಂಗಳು ಕರಿಕ್ಯುಲಮ್ ಕಮಿಟಿ ಮುಂದೆ ಇಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದೀನಿ. ಇಲ್ಲಿ ಟ್ರಾನ್ಸ್‌ಫರ್ ಆಗಿ ಓದಿದವರೂ ಇದ್ದೀರಿ, ಮಕ್ಕಳನ್ನ ಓದಿಸ್ತಿರೋರೂ ಇದ್ದೀರಿ, ಅದಕ್ಕೇ ಕೇಳ್ತಿದೀನಿ.

ಊರಲ್ಲಿರೋರಿಗೆ ಸ್ವಲ್ಪ ಹಿನ್ನೆಲೆ. ಈ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. 1960ರ ಮಾಸ್ಟರ್ ಪ್ಲಾನ್ (ರಾಜ್ಯದ ಉನ್ನತ ಶಿಕ್ಷಣ ಯೋಜನೆ) ಪ್ರಕಾರ ಹೈಸ್ಕೂಲು ಮುಗಿಸಿದವರಲ್ಲಿ ಯುಸಿಗೆ (ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ; ಬರ್ಕ್ಲಿ, ಸ್ಯಾನ್ ಡಿಯೇಗೋ ಅದರ ಕ್ಯಾಂಪಸ್ಸುಗಳು) ಮೇಲಿನ ಎಂಟನೇ ಒಂದು ಭಾಗ, ಸಿಎಸ್‌ಯುಗೆ (ಕ್ಯಾಲಿಫೋರ್ನಿಯಾ ಸ್ಟೇಟ್ ಯುನಿವರ್ಸಿಟಿ) ಮೇಲಿನ ಮೂರನೇ ಒಂದು ಭಾಗ, ನಮ್ಮಲ್ಲಿಗೆ ಯಾರು ಬಂದರೂ ಪ್ರವೇಶ. ಇಲ್ಲಿ ಎರಡು ವರ್ಷ ಓದಿ ಮೂರನೇ ವರ್ಷಕ್ಕೆ ಯುನಿವರ್ಸಿಟಿ ಸೇರಬಹುದು. ರಾಜ್ಯದ ನಿವಾಸಿಗಳಿಗೆ ಒಂದು ಯುನಿಟ್‌ಗೆ (ಅಂದ್ರೆ ಕ್ರೆಡಿಟ್‌ಗೆ) 46 ಡಾಲರ್ ಫೀಸು. 60 ಯುನಿಟ್ ಅಂದ್ರೆ 2,760 ಡಾಲರ್.

ಈಗ ನನ್ನ ಲೆಕ್ಕ ನೋಡಿ. ನಮ್ಮ ಕಾಲೇಜಿನಲ್ಲಿ ಕ್ಯಾಲ್ಕುಲಸ್ 1, 2, 3 ತಲಾ 5 ಯುನಿಟ್. ಲೀನಿಯರ್ ಆಲ್ಜೀಬ್ರಾ 4. ಪೈಥಾನ್ 4, ಡೇಟಾ ಸ್ಟ್ರಕ್ಚರ್ಸ್ 4. ಹೊಸದಾಗಿ ಬರೆಯಬೇಕಾದ ಡೇಟಾ ಸೈನ್ಸ್ ಅಡಿಪಾಯದ ಕೋರ್ಸು 4. ಒಟ್ಟು 31. ಇದರ ಜೊತೆ ಎಲ್ಲರೂ ಓದಲೇಬೇಕಾದ ಕ್ಯಾಲ್-ಗೆಟ್‌ಸಿ (ಸಾಮಾನ್ಯ ಶಿಕ್ಷಣದ ಕೋರ್ಸುಗಳು) 34 ಯುನಿಟ್. 65 ಆಯ್ತು. ಗಣಿತ ಎರಡೂ ಕಡೆ ಲೆಕ್ಕಕ್ಕೆ ಬರೋದರಿಂದ 3 ಕಳೆದರೆ 62. ಪ್ರೀಕ್ಯಾಲ್ಕುಲಸ್‌ನಿಂದ ಶುರು ಮಾಡೋ ಮಗುವಿಗೆ ಇನ್ನೂ 5 ಸೇರುತ್ತೆ. ಹಗಲು ಕೆಲಸ ಮಾಡಿ ಸಂಜೆ ಕ್ಲಾಸಿಗೆ ಬರೋರಿಗೆ ಇದು ಎರಡು ವರ್ಷದಲ್ಲಿ ಮುಗಿಯೋ ಮಾತಲ್ಲ.

ಯಾವುದನ್ನ ಬಿಡಲಿ?

ಫ್ರೀಮಾಂಟ್ ರಾಯರು

ಬರ್ಕ್ಲಿ ಏನು ಕೇಳುತ್ತೋ ಅದನ್ನ ಇಡಿ, ಉಳಿದದ್ದು ಬಿಡಿ ಮೇಡಂ. ಡೇಟಾ 8 ಅನ್ನೋ ಡೇಟಾ ಸೈನ್ಸ್ ಅಡಿಪಾಯದ ಕೋರ್ಸನ್ನ 2015ರಲ್ಲಿ ಶುರು ಮಾಡಿದವರೇ ಅವರು. 2018ರಲ್ಲಿ ಡೇಟಾ ಸೈನ್ಸನ್ನ ಮೇಜರ್ (ಪದವಿಯ ಮುಖ್ಯ ವಿಷಯ) ಮಾಡಿದ್ರು, 2023ರಲ್ಲಿ ಅದಕ್ಕಂತಲೇ ಪ್ರತ್ಯೇಕ ಕಾಲೇಜು ಮಾಡಿದ್ರು. ಅವರ ಅಳತೆಗೆ ಹೊಲಿದ ಅಂಗಿ ಎಲ್ಲರಿಗೂ ಆಗುತ್ತೆ.

ಮಂಡ್ಯದಿಂದ ಲಾ ಹೋಯಾಗೆ

ಆಗಲ್ಲ ರಾಯರೇ. ನಾನು ಕಮ್ಯುನಿಟಿ ಕಾಲೇಜಿಂದ ಸ್ಯಾನ್ ಡಿಯೇಗೋಗೆ ಟ್ರಾನ್ಸ್‌ಫರ್ ಆದವನು, ಅದೇ ಡೇಟಾ ಸೈನ್ಸಿಗೆ. ಬರ್ಕ್ಲಿ ಡೇಟಾ ಸೈನ್ಸ್ ಮೇಜರ್‌ಗೆ ಮಲ್ಟಿವೇರಿಯಬಲ್ (ಅಂದ್ರೆ ಟೀಚರ್ ಹೇಳಿದ ಕ್ಯಾಲ್ಕುಲಸ್ 3) ಕೇಳಲ್ಲ, ಗಣಿತದಲ್ಲಿ ಕ್ಯಾಲ್ಕುಲಸ್ 1, 2 ಮತ್ತು ಲೀನಿಯರ್ ಆಲ್ಜೀಬ್ರಾ ಸಾಕು. ಸ್ಯಾನ್ ಡಿಯೇಗೋ ಮ್ಯಾಥ್ 20ಸಿ ಕೇಳುತ್ತೆ, ಅದು ಮಲ್ಟಿವೇರಿಯಬಲ್ಲೇ. ಕ್ಯಾಲ್ಕುಲಸ್ 3 ಬಿಟ್ಟರೆ ನನ್ನಂಥವರಿಗೆ ಬಾಗಿಲು ಹಾಕಿದ ಹಾಗೆ.

ಇನ್ನೊಂದು ವಿಷಯ. ಬರ್ಕ್ಲಿ ಸೆಮಿಸ್ಟರ್ ಪದ್ಧತಿ, ಸ್ಯಾನ್ ಡಿಯೇಗೋ ಕ್ವಾರ್ಟರ್. ನಮ್ಮ ಒಂದು ಸೆಮಿಸ್ಟರ್ ಕೋರ್ಸು ಅವರ ಒಂದೂವರೆ ಕ್ವಾರ್ಟರಿಗೆ ಸಮ. ಅವರ ಡೇಟಾ ಸೈನ್ಸ್ ಕೋರ್ಸುಗಳು, ಡಿಎಸ್‌ಸಿ 10, 20, 30 ಅಂತ ಸಣ್ಣ ಸಣ್ಣದಾಗಿ ಕತ್ತರಿಸಿದ ಸರಣಿಗೆ ನಮ್ಮ ಒಂದು ಕೋರ್ಸು ಸರಿಯಾಗಿ ಕೂರಲ್ಲ. ನಾನು ಸೇರಿದ ಮೇಲೆ ಮೊದಲೆರಡು ಕ್ವಾರ್ಟರ್ ಕೆಳಗಿನ ಕೋರ್ಸುಗಳನ್ನೇ ಓದಿದೆ. ಎರಡು ವರ್ಷದಲ್ಲಿ ಮುಗಿಯಬೇಕಿದ್ದದ್ದು ಎರಡೂವರೆ ಆಯ್ತು.

ಕನ್ನಡ ಪದಪ್ರೇಮಿ

ಡೇಟಾ ಸೈನ್ಸ್ ಅನ್ನೋ ಬದಲು ದತ್ತಾಂಶ ವಿಜ್ಞಾನ ಅನ್ನಬಹುದಲ್ಲ?

ಫ್ರೀಮಾಂಟ್ ರಾಯರು

ಲಾ ಹೋಯಾ ಹುಡುಗ ಹೇಳಿದ್ದು ಸರಿ ಇದೆ, 20ಸಿ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಎಲ್ಲರನ್ನೂ ಮೆಚ್ಚಿಸೋಕೆ ಹೋದರೆ 70 ಯುನಿಟ್ ಆಗುತ್ತೆ.

ಹುಬ್ಬಳ್ಳಿ ಡಿಪ್ಲೊಮಾ

ಟೀಚರ್, ನಮ್ಮ ಕಡೆ ಇದು ಹೊಸಾದಲ್ರಿ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರದು ಸೀದಾ ಬಿಇ ಎರಡನೇ ವರ್ಷಕ್ಕ ಹೋಗೂದು ಅಂದ್ರ ಇದ ಅಲ್ಲೇನ್ರಿ? ನಾನೂ ಹಂಗ ಹೋದಾಂವ. ಮೂರನೇ ಸೆಮಿಸ್ಟರ್ ಮೊದಲನೇ ದಿನ ಸರ್ ಫೋರಿಯರ್ ಸರಣಿ ಚಾಲೂ ಮಾಡಿದ್ರು. ಪಿಯುಸಿ ಮುಗಿಸಿ ಬಂದವ್ರು ಇಂಟಿಗ್ರೇಶನ್ ಚಕಚಕ ಬರೀತಿದ್ರು, ನಾವು ಡಿಪ್ಲೊಮಾದವ್ರು ಹಿಂದಿನ ಬೆಂಚಿನ್ಯಾಗ ಒಬ್ಬರ ಮುಖ ಒಬ್ಬರು ನೋಡ್ಕೋತ ಕುಂತಿದ್ವಿ.

ವಿಟಿಯುದವ್ರು ನಮಗಂತನ ಮ್ಯಾಟ್‌ಡಿಪ್ ಅಂತ ಎರಡು ಹೆಚ್ಚಿಗಿ ಪೇಪರ್ ಇಟ್ಟಿದ್ರು. ಕ್ರೆಡಿಟ್ ಇಲ್ಲ, ಆದ್ರ ಪಾಸಾಗಲಿಕ್ಕ ಬೇಕು. ಆಗ ಭಾಳ ಸಿಟ್ಟು ಬರ್ತಿತ್ತು. ಈಗ ಅನಸ್ತದ, ಆ ಗಣಿತಾ ಡಿಪ್ಲೊಮಾದಾಗ ಮೊದಲ ಕಲಿಸಿದ್ರ ಎಷ್ಟು ಚೊಲೋ ಆಗ್ತಿತ್ತು. ಗಣಿತಾ ಬಿಡಬ್ಯಾಡ್ರಿ. ಇಲ್ಲೆ ಬಿಟ್ಟಿದ್ದು ಮುಂದ ಅಡ್ಡ ಬರ್ತದ. ಅಲ್ಲೆ ಹೊಸಾ ಊರು, ಹೊಸಾ ಮಂದಿ, ಕೈ ಹಿಡದು ಹೇಳಿಕೊಡವ್ರು ಯಾರೂ ಇರೂದಿಲ್ಲ.

ತೀರ್ಥಹಳ್ಳಿ ಟೀಚರ್

ಹುಬ್ಬಳ್ಳಿಯವರೇ, ಮ್ಯಾಟ್‌ಡಿಪ್ ನೆನಪು ಮಾಡಿದ್ದಕ್ಕೆ ಧನ್ಯವಾದ. ನನ್ನ ತಮ್ಮನೂ ಅದನ್ನ ಬರೆದವನೇ. ನಮ್ಮ ಕಮಿಟಿಗೆ ಈ ಉದಾಹರಣೆ ಹೇಳ್ತೀನಿ.

ಪದಪ್ರೇಮಿಗಳೇ, ದತ್ತಾಂಶ ವಿಜ್ಞಾನ ನನಗೂ ಇಷ್ಟ. ನಮ್ಮಮ್ಮನಿಗೆ ಫೋನಲ್ಲಿ ಹೇಳುವಾಗ ‘ಲೆಕ್ಕದ ರಾಶಿಯೊಳಗಿಂದ ವಿಷಯ ಹೆಕ್ಕೋ ವಿದ್ಯೆ’ ಅಂದೆ, ಅವರಿಗೆ ತಕ್ಷಣ ಅರ್ಥ ಆಯ್ತು.

ಕೊಡಗಿನ ಕಾಫಿ

ಪದವಿಯ ಹೆಸರಲ್ಲಿ ಏನಿದೆ? ಇರೋ ಗಣಿತದ ಎಡಿಟಿ (ಟ್ರಾನ್ಸ್‌ಫರ್‌ಗಂತಲೇ ಇರೋ ಅಸೋಸಿಯೇಟ್ ಪದವಿ) ಅಥವಾ ಕಂಪ್ಯೂಟರ್ ಸೈನ್ಸ್ ಪದವೀನೇ ಓದಿ ಡೇಟಾ ಸೈನ್ಸಿಗೆ ಅರ್ಜಿ ಹಾಕಬಹುದಲ್ಲ. ಯುಸಿಯವರು ನೋಡೋದು ಯಾವ ಕೋರ್ಸು ಮುಗಿಸಿದಾರೆ, ಎಷ್ಟು ಅಂಕ ಬಂದಿದೆ ಅಂತ.

ತೀರ್ಥಹಳ್ಳಿ ಟೀಚರ್

ಯುಸಿ ಮಟ್ಟಿಗೆ ನೀವು ಹೇಳಿದ್ದು ನಿಜ. ಆದರೂ ಹೆಸರು ಯಾಕೆ ಬೇಕು ಅನ್ನೋಕೆ ಒಂದು ಘಟನೆ ಹೇಳ್ತೀನಿ.

ಕೆಲವು ವರ್ಷದ ಹಿಂದೆ ನನ್ನ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿಗೆ ಒಬ್ಬಳು ಹುಡುಗಿ ಬರ್ತಿದ್ದಳು. ರಾತ್ರಿ ಪಾಳಿಯಲ್ಲಿ ಗೋದಾಮಿನ ಕೆಲಸ. ಬೆಳಿಗ್ಗೆ ಎಂಟಕ್ಕೆ ನನ್ನ ಕ್ಲಾಸು. ಒಂದು ದಿನವೂ ತಪ್ಪಿಸಿದವಳಲ್ಲ. ಡೇಟಾ ಸೈನ್ಸ್ ಓದಬೇಕು ಅನ್ನೋ ಆಸೆ. ನಮ್ಮಲ್ಲಿ ಆ ಹೆಸರಿನ ದಾರಿಯೇ ಇಲ್ಲದ್ದರಿಂದ, ಹೆಸರು ಹತ್ತಿರ ಇದೆ ಅಂತ ಡೇಟಾ ಅನಲಿಟಿಕ್ಸ್ ಸರ್ಟಿಫಿಕೇಟ್‌ಗೆ ಸೇರಿಕೊಂಡಳು. ಸ್ಪ್ರೆಡ್‌ಶೀಟು, ಡ್ಯಾಶ್‌ಬೋರ್ಡು, ಡೇಟಾಬೇಸು ಎಲ್ಲ ಕಲಿತಳು. ಎಲ್ಲದರಲ್ಲೂ ಎ. ಎರಡು ವರ್ಷ ಆದ ಮೇಲೆ ಟ್ರಾನ್ಸ್‌ಫರ್ ಅರ್ಜಿ ಹಾಕೋಕೆ ಕೂತಾಗ ಗೊತ್ತಾಯ್ತು: ಕ್ಯಾಲ್ಕುಲಸ್ ಒಂದೂ ಆಗಿಲ್ಲ, ಲೀನಿಯರ್ ಆಲ್ಜೀಬ್ರಾ ಆಗಿಲ್ಲ, ಸರ್ಟಿಫಿಕೇಟಿನ ಅರ್ಧಕ್ಕೂ ಹೆಚ್ಚು ಕೋರ್ಸುಗಳನ್ನ ಯುನಿವರ್ಸಿಟಿ ಒಪ್ಪಲ್ಲ.

ನನ್ನ ಆಫೀಸಿಗೆ ಬಂದು ‘ನಾನೇನು ತಪ್ಪು ಮಾಡಿದೆ ಪ್ರೊಫೆಸರ್?’ ಅಂತ ಕೇಳಿದಳು. ಅವಳದ್ದೇನೂ ತಪ್ಪಿರಲಿಲ್ಲ. ಕ್ಯಾಟಲಾಗಿನಲ್ಲಿ ದಾರಿ ಬರೆದಿಡದ ನಾವು ತಪ್ಪು ಮಾಡಿದ್ವಿ. ನಾನು ಈ ಕರಡು ಬರೀತಿರೋದು ಅವಳ ಆ ಪ್ರಶ್ನೆಗೋಸ್ಕರ.

ಬೆಂಗಳೂರು ಡೆವ್

ಘಟನೆ ಓದಿ ಬೇಜಾರಾಯ್ತು. ಆದರೆ ಒಂದು ಕಠಿಣ ಪ್ರಶ್ನೆ ಕೇಳ್ತೀನಿ, ತಪ್ಪು ತಿಳೀಬೇಡಿ. ಈಗ ಎಐ ಕೋಡ್ ಬರೆಯುತ್ತೆ, ಚಾರ್ಟ್ ಹಾಕುತ್ತೆ. ನನ್ನ ತಂಡದಲ್ಲೇ ಹೊಸಬರನ್ನ ತೆಗೆದುಕೊಳ್ಳೋದು ಕಮ್ಮಿಯಾಗಿದೆ. ಈಗ ಡೇಟಾ ಸೈನ್ಸ್ ಪದವಿ ತೆರೆಯೋದು ಬಸ್ಸು ಹೋದ ಮೇಲೆ ಕೈ ತೋರಿಸಿದ ಹಾಗಲ್ವಾ?

ಮಂಡ್ಯದಿಂದ ಲಾ ಹೋಯಾಗೆ

ಚಾರ್ಟ್ ಹಾಕೋದಷ್ಟೇ ಡೇಟಾ ಸೈನ್ಸ್ ಆಗಿದ್ದರೆ ನಿಮ್ಮ ಮಾತು ಸರಿ. ಎಐ ಬರೆದ ಕೋಡು ಕೊಟ್ಟ ಉತ್ತರ ಸರೀನಾ, ಆ ಸ್ಯಾಂಪಲ್ಲಿಂದ ಆ ಮಾತು ಹೇಳಬಹುದಾ ಅಂತ ನೋಡೋಕೆ ಸಂಭವನೀಯತೆ ಗೊತ್ತಿರಬೇಕು. ಆ ಎಐ ಒಳಗಿರೋದೇ ಮ್ಯಾಟ್ರಿಕ್ಸ್ ಗುಣಾಕಾರ ಮತ್ತೆ ಗ್ರೇಡಿಯಂಟು. ಗ್ರೇಡಿಯಂಟ್ ಅರ್ಥ ಆಗೋಕೆ ಯಾವ ಕೋರ್ಸು ಬೇಕು? ಟೀಚರ್ ಬಿಡಲಾ ಅಂತ ಕೇಳ್ತಿರೋ ಅದೇ ಕ್ಯಾಲ್ಕುಲಸ್ 3.

ಬೆಂಗಳೂರು ಡೆವ್

ಈ ವಾದ ಒಪ್ಪಿದೆ. ಹಾಗಾದರೆ ಟೂಲ್‌ಗಳ ಕೋರ್ಸು ಕಡಿಮೆ ಮಾಡಿ, ಗಣಿತ ಉಳಿಸಿ.

ದಾವಣಗೆರೆ ಹುಡುಗಿ, ಸನ್ನಿವೇಲ್

ಅಕ್ಕ, ಸ್ವಲ್ಪ ಬೇರೆ ಪ್ರಶ್ನೆ. ನಾನು ಎಚ್-4 (ಅವಲಂಬಿತರ ವೀಸಾ)ನಲ್ಲಿದೀನಿ, ಊರಲ್ಲಿ ಬಿಎಸ್ಸಿ (ಪಿಎಂಸಿಎಸ್) ಮಾಡಿದೀನಿ. ಈ ಪದವಿ ನನ್ನಂಥವರು ಓದಬಹುದಾ? ಮನೇಲಿ ಕೂತು ನಾಲ್ಕು ವರ್ಷ ಆಯ್ತು.

ತೀರ್ಥಹಳ್ಳಿ ಟೀಚರ್

ಎಚ್-4ನಲ್ಲಿ ಓದಬಹುದಮ್ಮ, ಅದಕ್ಕೆ ವೀಸಾ ಬದಲಿಸಬೇಕಿಲ್ಲ. ಇಲ್ಲಿ ವಾಸ ಮಾಡ್ತಿರೋದಕ್ಕೆ ದಾಖಲೆ ತೋರಿಸಿ ನಿವಾಸಿ ಫೀಸು ಸಿಗುತ್ತಾ ಅಂತ ಅಡ್ಮಿಷನ್ಸ್ ಆಫೀಸಲ್ಲಿ ವಿಚಾರಿಸು. ಸಿಕ್ಕರೆ 4 ಯುನಿಟ್‌ನ ಕೋರ್ಸಿಗೆ 184 ಡಾಲರ್, ಜೊತೆಗೆ ಸಣ್ಣಪುಟ್ಟ ಶುಲ್ಕ.

ಆದರೆ ನೀನು ಟ್ರಾನ್ಸ್‌ಫರ್ ಹಿಂದೆ ಹೋಗಬೇಡ. ಈಗಾಗಲೇ ಒಂದು ಪದವಿ ಇರೋರನ್ನ ಇನ್ನೊಂದು ಬ್ಯಾಚುಲರ್ಸ್‌ಗೆ ಯುಸಿ ತೆಗೆದುಕೊಳ್ಳೋದು ಬಹಳ ಅಪರೂಪ. ನಿನಗೆ ಬೇಕಿರೋದು ಪೈಥಾನ್, ಡೇಟಾ ಸ್ಟ್ರಕ್ಚರ್ಸ್, ಲೀನಿಯರ್ ಆಲ್ಜೀಬ್ರಾ, ಈ ಮೂರೇ. ನಾಲ್ಕು ವರ್ಷದ ಅಂತರ ಆದ ಮೇಲೆ ಇಲ್ಲಿಯ ಟ್ರಾನ್ಸ್‌ಕ್ರಿಪ್ಟಿನಲ್ಲಿ ಹೊಸ ಅಂಕ ಇದ್ದರೆ ಸೀದಾ ಮಾಸ್ಟರ್ಸ್‌ಗೆ ಅರ್ಜಿ ಹಾಕುವಾಗ ಬಲ ಬರುತ್ತೆ. ಒಂದು ಕೋರ್ಸಿಂದ ಶುರು ಮಾಡು. ಸಂಜೆ ಕ್ಲಾಸುಗಳಲ್ಲಿ ನಿನ್ನ ವಯಸ್ಸಿನವರು, ನಿನಗಿಂತ ದೊಡ್ಡವರೂ ತುಂಬ ಜನ ಇರ್ತಾರೆ.

ದಾವಣಗೆರೆ ಹುಡುಗಿ, ಸನ್ನಿವೇಲ್

ತುಂಬಾ ಥ್ಯಾಂಕ್ಸ್ ಅಕ್ಕ. ಲೀನಿಯರ್ ಆಲ್ಜೀಬ್ರಾ ಬಿಎಸ್ಸಿಯಲ್ಲಿ ನನ್ನ ಇಷ್ಟದ ಪೇಪರ್ ಆಗಿತ್ತು.

ಮೈಸೂರು ಪ್ರೊಫೆಸರ್

ಊರಿನ ಕಡೆಯಿಂದ ಒಂದು ಮಾತು. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಡೇಟಾ ಸೈನ್ಸ್ ಪದವಿಯಲ್ಲಿ ಫೌಂಡೇಶನ್, ಡಿಪ್ಲೊಮಾ, ಬಿಎಸ್ಸಿ, ಬಿಎಸ್ ಅಂತ ಹಂತ ಹಂತವಾಗಿ ಹೊರಬರಲು ಅವಕಾಶವಿದೆ. ಮಧ್ಯದಲ್ಲಿ ನಿಲ್ಲಿಸಿದವರ ಕೈಯಲ್ಲೂ ಏನೋ ಒಂದು ಇರುತ್ತದೆ. ನಿಮ್ಮ ವಿದ್ಯಾರ್ಥಿಗಳು ಕೆಲಸ, ಸಂಸಾರದ ನಡುವೆ ಓದುವವರು. 62 ಯುನಿಟ್ ಮುಗಿಸಲಾಗದೆ ಹೋದವರಿಗೆ ನೀವು ಏನು ಕೊಡುತ್ತೀರಿ? ನಮ್ಮಲ್ಲೂ 2021ರಲ್ಲಿ ನಾಲ್ಕು ವರ್ಷದ ಪದವಿ ತಂದು 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ನಡುವೆ ಸಿಕ್ಕಿದ ಮಕ್ಕಳು ಯಾವ ನಿಯಮ ತಮಗೆ ಅನ್ವಯ ಎಂದು ತಿಳಿಯದೆ ಆಫೀಸಿನಿಂದ ಆಫೀಸಿಗೆ ಅಲೆದರು. ಪಠ್ಯಕ್ರಮ ಬದಲಿಸುವವರು ಮೊದಲು ಆ ಮಕ್ಕಳನ್ನು ಕಣ್ಣ ಮುಂದೆ ಇಟ್ಟುಕೊಳ್ಳಬೇಕು.

ಕೊಡಗಿನ ಕಾಫಿ

ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ವಿಷಯ ಇಲ್ಲಿ ತೆಗೆದರೆ ಈ ಚರ್ಚೆ ನಾಳೆ ಬೆಳಿಗ್ಗೆವರೆಗೂ ಮುಗಿಯಲ್ಲ ಸರ್. ಅದಕ್ಕೆ ಬೇರೆ ಚರ್ಚೆ ತೆರೆಯೋಣ, ನನಗೂ ಹೇಳೋದಿದೆ.

ಸ್ಯಾಕ್ರಮೆಂಟೊ ಸೀಮಾ

ನಾನು ಬೇರೊಂದು ಕಮ್ಯುನಿಟಿ ಕಾಲೇಜಿನಲ್ಲಿ ಆರ್ಟಿಕ್ಯುಲೇಷನ್ ಕೆಲಸ ನೋಡಿಕೊಳ್ತೀನಿ, ಅಂದರೆ ನಮ್ಮ ಯಾವ ಕೋರ್ಸು ಯಾವ ಯುನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ಒಪ್ಪಂದ ಮಾಡಿಸೋದು. ಇಲ್ಲಿ ಎಲ್ಲರೂ ಗಣಿತದ ಬಗ್ಗೆ ವಾದ ಮಾಡ್ತಿದೀರಿ, ನಿಜವಾಗಿ ಕಾಲ ತಿನ್ನೋದು ಬೇರೆ ಕಡೆ.

ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾಗೆ ಒಪ್ಪಂದಗಳು ಹಳೇವು, ಅಸಿಸ್ಟ್ ಜಾಲತಾಣ ತೆರೆದರೆ ಕಾಣಿಸುತ್ತೆ. ಹೊಸ ಡೇಟಾ ಸೈನ್ಸ್ ಕೋರ್ಸಿಗೆ ಏನೂ ಇಲ್ಲ. ಮೊದಲು ನಿಮ್ಮ ಕರಿಕ್ಯುಲಮ್ ಕಮಿಟಿ ಒಪ್ಪಬೇಕು. ಆಮೇಲೆ ಯುಸಿ ಅದನ್ನ ಟ್ರಾನ್ಸ್‌ಫರ್ ಆಗೋ ಕೋರ್ಸು ಅಂತ ಒಪ್ಪಬೇಕು. ಆ ಅರ್ಜಿ ಹಾಕೋದು ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ. ಅದು ತಪ್ಪಿದರೆ ಇಡೀ ವರ್ಷ ಹೋಯ್ತು. ಅದಾದ ಮೇಲೆ ಒಂದೊಂದು ಕ್ಯಾಂಪಸ್ಸಿನ ವಿಭಾಗದ ಹತ್ತಿರ ‘ಇದು ನಿಮ್ಮ ಡೇಟಾ 8ಕ್ಕೆ ಸಮಾನಾ?’ ಅಂತ ಬೇರೆ ಬೇರೆಯಾಗಿ ಕೇಳಬೇಕು. ‘ಟ್ರಾನ್ಸ್‌ಫರ್ ಆಗುತ್ತೆ’ ಅನ್ನೋದೂ ‘ಮೇಜರ್‌ಗೆ ಲೆಕ್ಕಕ್ಕೆ ಬರುತ್ತೆ’ ಅನ್ನೋದೂ ಒಂದೇ ಅಲ್ಲ. ಟೀಚರ್ ಹೇಳಿದ ಹುಡುಗಿಯಂಥ ಎಷ್ಟೋ ಮಕ್ಕಳು ಈ ಎರಡರ ನಡುವೆ ಬಿದ್ದಿದ್ದನ್ನ ನೋಡಿದೀನಿ.

ಆದ್ದರಿಂದ ಟೀಚರ್, ಕೋರ್ಸ್ ಔಟ್‌ಲೈನ್ ಬರೆಯುವಾಗಲೇ ಬರ್ಕ್ಲಿ ಡೇಟಾ 8 ಪಠ್ಯವನ್ನ ಪಕ್ಕದಲ್ಲಿಟ್ಟುಕೊಳ್ಳಿ. ಅಧಿಕಾರಿ, ಡಿನೀರೋ, ವ್ಯಾಗ್ನರ್ ಮೂವರು ಬರೆದ ಪುಸ್ತಕ ಜಾಲದಲ್ಲಿ ಪೂರ್ತಿ ಉಚಿತ. ವಿಷಯಗಳ ಕ್ರಮ, ಪೈಥಾನ್, ಲ್ಯಾಬ್ ಗಂಟೆ ಎಲ್ಲ ಹೊಂದಿಕೊಂಡಿರಲಿ. ಆಮೇಲೆ ತಿದ್ದಿದರೆ ಮತ್ತೆ ಇಡೀ ಸುತ್ತು ಹಾಕಬೇಕು. ನಿಮ್ಮ ಕಾಲೇಜಿನ ಆರ್ಟಿಕ್ಯುಲೇಷನ್ ಆಫೀಸರ್ ಜೊತೆ ಈ ವಾರವೇ ಮಾತಾಡಿ.

ತೀರ್ಥಹಳ್ಳಿ ಟೀಚರ್

ಸೀಮಾ ಅವರೇ, ನಾನು ಕಮಿಟಿ ಮುಗಿದ ಮೇಲೆ ಅವರ ಹತ್ತಿರ ಹೋಗೋಣ ಅಂದುಕೊಂಡಿದ್ದೆ. ನಾಳೆಯೇ ಹೋಗ್ತೀನಿ.

ಫ್ರೀಮಾಂಟ್ ರಾಯರು

ಪೈಥಾನ್ ಬದಲು ಆರ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಸಬಾರದಾ? ನಮ್ಮ ಕಾಲದ ಸ್ಟ್ಯಾಟಿಸ್ಟಿಕ್ಸ್‌ನವರೆಲ್ಲ ಆರ್ ಅಲ್ಲೇ ಮಾಡಿದ್ದು.

ಮಂಡ್ಯದಿಂದ ಲಾ ಹೋಯಾಗೆ

ಆರ್ ಒಳ್ಳೇದೇ, ಆದರೆ ಎರಡೂ ಕ್ಯಾಂಪಸ್ಸಲ್ಲಿ ಮೊದಲ ಕೋರ್ಸು ಪೈಥಾನಲ್ಲಿದೆ. ಡೇಟಾ ಸ್ಟ್ರಕ್ಚರ್ಸ್‌ಗೆ ಮಾತ್ರ ಜಾವಾ ನೋಡಿ, ಬರ್ಕ್ಲಿಯ ಡೇಟಾ ಸ್ಟ್ರಕ್ಚರ್ಸ್ ಕೋರ್ಸು 61ಬಿ ಜಾವಾದಲ್ಲಿದೆ. ನಿಮ್ಮಲ್ಲಿ ಸಿ++ ಇದ್ದರೆ ಒಪ್ಪುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

ಕಾರವಾರ ಕಂಪ್ಯೂಟರ್

ಇದನ್ನ ಗಣಿತ ವಿಭಾಗ ಯಾಕೆ ಕಲಿಸಬೇಕು? ಇದು ಕಂಪ್ಯೂಟರ್ ವಿಭಾಗದ್ದು. ಗಣಿತದವರಿಗೆ ಕೋಡಿಂಗ್ ಬರುತ್ತಾ?

ತೀರ್ಥಹಳ್ಳಿ ಟೀಚರ್

ನಮ್ಮಲ್ಲೂ ಈ ಮಾತು ಬಂತು, ಬಿಸಿನೆಸ್ ವಿಭಾಗದವರೂ ನಮಗೆ ಕೊಡಿ ಅಂದ್ರು. ನಾನು ಕಳೆದ ಬೇಸಿಗೆ ಪೂರ್ತಿ ಡೇಟಾ 8ರ ಲ್ಯಾಬುಗಳನ್ನ ಒಂದೊಂದಾಗಿ ಕೂತು ಮಾಡಿದೀನಿ. ಪೈಥಾನ್ ಬರ್ತಿರಲಿಲ್ಲ, ಕಲಿತೆ. ಕಂಪ್ಯೂಟರ್ ವಿಭಾಗದ ಸಹೋದ್ಯೋಗಿ ಒಬ್ಬರು ವಾರಕ್ಕೊಂದು ದಿನ ಕೂತು ನನ್ನ ಕೋಡು ತಿದ್ದಿಕೊಟ್ಟರು, ಅವರಿಗೆ ನಾನು ರಿಗ್ರೆಶನ್ ಹೇಳಿಕೊಟ್ಟೆ. ಅಡಿಪಾಯದ ಕೋರ್ಸನ್ನ ಇಬ್ಬರೂ ಸರದಿಯಲ್ಲಿ ಕಲಿಸೋದು ಅಂತ ಬರೀತಿದೀವಿ. ಇನ್ನೊಂದು ಅನುಕೂಲ, ಕೋಡ್ ಬರೆಯೋ ಜುಪಿಟರ್ ನೋಟ್‌ಬುಕ್ ಬ್ರೌಸರಿನಲ್ಲೇ ಓಡುತ್ತೆ. ಕ್ರೋಮ್‌ಬುಕ್ ಬಿಟ್ಟು ಬೇರೇನೂ ಇಲ್ಲದ ಮಗುವೂ ಮನೆಯಲ್ಲಿ ಹೋಮ್‌ವರ್ಕ್ ಮಾಡಬಹುದು.

ಕಾರವಾರ ಕಂಪ್ಯೂಟರ್

ಹಾಗಾದ್ರೆ ಸರಿ. ಒಟ್ಟಿಗೆ ಕಲಿಸೋದಾದ್ರೆ ನನ್ನ ತಕರಾರಿಲ್ಲ.

ಕ್ಯೂಪರ್ಟಿನೊ ಅಪ್ಪ

ನನ್ನ ಮಗ ಹೈಸ್ಕೂಲು ಎರಡನೇ ವರ್ಷ. ಡ್ಯುಯಲ್ ಎನ್‌ರೋಲ್‌ಮೆಂಟಿನಲ್ಲಿ ಕಮ್ಯುನಿಟಿ ಕಾಲೇಜಿನ ಪೈಥಾನ್ ಮಾಡ್ತಿದಾನೆ. ಗಣಿತದಲ್ಲಿ ಆಲ್ಜೀಬ್ರಾ 2 ಬದಲು ಡೇಟಾ ಸೈನ್ಸ್ ತಗೊಂಡ್ರೆ ನಡೆಯುತ್ತೆ ಅಂತ ಅವನ ಸ್ನೇಹಿತರು ಹೇಳ್ತಿದಾರೆ. ನಿಜಾನಾ?

ಸ್ಯಾಕ್ರಮೆಂಟೊ ಸೀಮಾ

ಅದು ಹಳೇ ಮಾತು, ನಂಬಬೇಡಿ. 2020ರಲ್ಲಿ ಯುಸಿ ಆ ಸಡಿಲಿಕೆ ಕೊಟ್ಟಿತ್ತು, 2023ರಲ್ಲಿ ಅಧ್ಯಾಪಕರ ಸಮಿತಿ ವಾಪಸ್ ತೆಗೆದುಕೊಂಡಿತು. ಆಲ್ಜೀಬ್ರಾ 2 ಓದಲೇಬೇಕು. ಡೇಟಾ ಸೈನ್ಸ್ ಅದರ ಜೊತೆಗೆ ಓದಲಿ.

ತೀರ್ಥಹಳ್ಳಿ ಟೀಚರ್

ಎಲ್ಲರ ಮಾತೂ ಸೇರಿಸಿ ರಾತ್ರಿ ಕೂತು ಕರಡು ತಿದ್ದಿದೆ. ಈಗ ಹೀಗಿದೆ. ಎಲ್ಲರಿಗೂ ಕಡ್ಡಾಯ: ಕ್ಯಾಲ್ಕುಲಸ್ 1, 2, ಲೀನಿಯರ್ ಆಲ್ಜೀಬ್ರಾ, ಪೈಥಾನ್, ಡೇಟಾ ಸೈನ್ಸ್ ಅಡಿಪಾಯ. 22 ಯುನಿಟ್. ಅದರ ಮೇಲೆ ಕ್ಯಾಲ್ಕುಲಸ್ 3 ಅಥವಾ ಜಾವಾದ ಡೇಟಾ ಸ್ಟ್ರಕ್ಚರ್ಸ್, ಎರಡರಲ್ಲಿ ಒಂದು ಸಾಕು ಪದವಿಗೆ. ಎರಡನ್ನೂ ಮಾಡಬಲ್ಲವರು ಮಾಡಲಿ. ಕ್ಯಾಟಲಾಗಿನಲ್ಲಿ ಪ್ರತಿ ಕ್ಯಾಂಪಸ್ಸಿಗೂ ಒಂದು ಸಾಲು: ಬರ್ಕ್ಲಿಗಾದರೆ ಇದು, ಸ್ಯಾನ್ ಡಿಯೇಗೋಗಾದರೆ ಎರಡೂ, ಹತ್ತಿರದ ಸಿಎಸ್‌ಯುಗಾದರೆ ಇದು, ಅಂತ. ಕ್ಯಾಲ್-ಗೆಟ್‌ಸಿ ಸೇರಿಸಿದರೆ 57ರಿಂದ 58. 60 ತುಂಬೋಕೆ ಜಾಗ ಇದೆ, ಪ್ರೀಕ್ಯಾಲ್ಕುಲಸ್ ಬೇಕಾದವರಿಗೂ ಒಂದು ಬೇಸಿಗೆ ಸೆಷನ್ ಸೇರಿಸಿದರೆ ಮುಗಿಯುತ್ತೆ. ಮೈಸೂರು ಸರ್ ಹೇಳಿದ ಹಾಗೆ ಮಧ್ಯದಲ್ಲಿ ಒಂದು ಸರ್ಟಿಫಿಕೇಟನ್ನೂ ಇಡ್ತಿದೀನಿ, ಆದರೆ ಅದರ ಒಂದೊಂದು ಕೋರ್ಸೂ ಮೇಲಿನ ಪಟ್ಟಿಯದ್ದೇ. ಅಲ್ಲಿಗೆ ನಿಂತವರು ಮತ್ತೆ ಯಾವಾಗ ಬಂದರೂ ಓದಿದ್ದು ವ್ಯರ್ಥ ಆಗಬಾರದು.

ಮಂಡ್ಯದಿಂದ ಲಾ ಹೋಯಾಗೆ

ಪ್ರತಿ ಕ್ಯಾಂಪಸ್ಸಿಗೂ ಒಂದು ಸಾಲು ಅನ್ನೋದು ನನ್ನ ಕಾಲದಲ್ಲಿ ಇದ್ದಿದ್ದರೆ ಆ ಎರಡು ಕ್ವಾರ್ಟರ್ ಉಳೀತಿತ್ತು. ಟಿಎಜಿ (ಟ್ರಾನ್ಸ್‌ಫರ್ ಪ್ರವೇಶದ ಖಾತರಿ) ಬಗ್ಗೆಯೂ ಬರೆಯಿರಿ. ಪ್ರವೇಶದ ಖಾತರಿ ಕೊಡೋ ಯುಸಿ ಕ್ಯಾಂಪಸ್ಸುಗಳು ಆರು: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್. ಅಲ್ಲೂ ಕೆಲವು ಮೇಜರ್‌ಗಳನ್ನ ಹೊರಗಿಟ್ಟಿರ್ತಾರೆ. ಬರ್ಕ್ಲಿ, ಸ್ಯಾನ್ ಡಿಯೇಗೋ ಎರಡೂ ಈ ಪಟ್ಟಿಯಲ್ಲಿಲ್ಲ ಅನ್ನೋದು ಮಕ್ಕಳಿಗೆ ಮೊದಲನೇ ವರ್ಷವೇ ಗೊತ್ತಿರಬೇಕು.

ಹುಬ್ಬಳ್ಳಿ ಡಿಪ್ಲೊಮಾ

ಟೀಚರ್, ಆ ರಾತ್ರಿ ಪಾಳಿ ಹುಡುಗಿ ಮುಂದ ಏನಾದ್ಲರಿ?

ತೀರ್ಥಹಳ್ಳಿ ಟೀಚರ್

ಇನ್ನೂ ಒಂದೂವರೆ ವರ್ಷ ನಮ್ಮಲ್ಲೇ ಉಳಿದು ಕ್ಯಾಲ್ಕುಲಸ್ ಎರಡೂ, ಲೀನಿಯರ್ ಆಲ್ಜೀಬ್ರಾ ಮುಗಿಸಿದಳು. ಲೀನಿಯರ್ ಆಲ್ಜೀಬ್ರಾ ನನ್ನ ಹತ್ತಿರವೇ ಓದಿದಳು. ಆಮೇಲೆ ಒಂದು ಸಿಎಸ್‌ಯುಗೆ ಹೋದಳು, ಸ್ಟ್ಯಾಟಿಸ್ಟಿಕ್ಸ್ ಮೇಜರ್. ಕಳೆದ ವಾರ ಈ ಕರಡಿನ ಮೊದಲ ಪ್ರತಿ ಕಳಿಸಿದ್ದೆ. ಅದರ ಮೇಲೆ ಕೆಂಪು ಅಕ್ಷರದಲ್ಲಿ ಬರೆದು ಕಳಿಸಿದಾಳೆ: ‘ಕ್ಯಾಲ್ಕುಲಸ್ 1ಕ್ಕೆ ಸಂಜೆ ಕ್ಲಾಸು ಇಡಿ, ಬೆಳಿಗ್ಗೆ ಎಂಟರದ್ದು ಕಷ್ಟ.’ ಡೀನ್ ಹತ್ತಿರ ಅದನ್ನೇ ಮೊದಲು ಕೇಳ್ತೀನಿ.

ದಾವಣಗೆರೆ ಹುಡುಗಿ, ಸನ್ನಿವೇಲ್

ಸಂಜೆ ಕ್ಲಾಸು ಇಟ್ಟರೆ ಇಲ್ಲೇ ತಿಳಿಸಿ ಅಕ್ಕ. ಪೈಥಾನಿಗೆ ಈಗಷ್ಟೇ ಅರ್ಜಿ ಹಾಕಿದೆ.